ಮುಂಜಾವು ಮತ್ತು ಮುಪ್ಪು

ಬಸವಣ್ಣನವರ ಒಂದು ವಚನವನ್ನು ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ಮುಪ್ಪು ಮೈಯನ್ನು ಆವರಿಸುವ ಮೊದಲೇ ಕೂಡಲಸಂಗಮದೇವನನ್ನು ಪೂಜಿಸು ಎಂದು ಎಚ್ಚರಿಸುವ ವಚನ ಅದು. ಮುಪ್ಪಿನ ಗುರುತುಗಳನ್ನು ಅಲ್ಲಿ ಅವರು ಒಂದೊಂದಾಗಿ ಎಣಿಸುತ್ತಾರೆ. ಕೂದಲು ಬೆಳ್ಳಗಾಗುವುದು, ಕೆನ್ನೆ ಸುಕ್ಕಾಗುವುದು, ದೇಹ ಸೊರಗುವುದು, ಹಲ್ಲು ಬೀಳುವುದು, ಬೆನ್ನು ಗೂನಾಗುವುದು, ಪರರ ಆಸರೆಯಲ್ಲಿ ಬದುಕಬೇಕಾಗುವುದು, ಕಾಲಿನ ಮೇಲೆ ಕೈಯೂರಿ ಮೇಲೇಳುವುದು, ಕೋಲು ಹಿಡಿಯುವುದು, ಹೀಗೆ. ಇಪ್ಪತ್ತು ವರ್ಷದ ವಿದ್ಯಾರ್ಥಿಗಳಿಗೆ ಆ ಪಟ್ಟಿ ಪರೀಕ್ಷೆಯ ಪ್ರಶ್ನೆಯಾಗಿತ್ತು. ನಿಜ ಹೇಳಬೇಕೆಂದರೆ, ಪಾಠ ಹೇಳುತ್ತಿದ್ದ ನನಗೂ ಅದು ಅಷ್ಟೇ ಆಗಿತ್ತು.

ನಿವೃತ್ತನಾದ ಮೇಲೆ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಹಳೆಯ ಪದ್ಧತಿಯಂತೆ ನೆಲದ ಮೇಲೆ ಎಲೆ ಹಾಕಿ ಪಂಕ್ತಿಯ ಊಟ. ಊಟ ಸೊಗಸಾಗಿತ್ತು. ಕೈ ತೊಳೆಯಲು ಏಳಬೇಕು, ಏಳಲಾಗಲಿಲ್ಲ. ಎಡಗೈಯನ್ನು ನೆಲಕ್ಕೂರಿದೆ, ಆಗಲಿಲ್ಲ. ಎಂಜಲು ಕೈಯನ್ನು ಮೇಲೆತ್ತಿಕೊಂಡು ಮೊಣಕೈಯನ್ನು ತೊಡೆಗೆ ಒತ್ತಿದೆ, ಆಗಲೂ ಅರ್ಧಕ್ಕೆ ನಿಂತೆ. ಎದುರಿನ ಸಾಲಿನಲ್ಲಿದ್ದ ಹಳೆಯ ಶಿಷ್ಯನೊಬ್ಬ, ಈಗ ತಾನೂ ಅಧ್ಯಾಪಕನಾಗಿರುವವನು, ಓಡಿಬಂದು ರಟ್ಟೆ ಹಿಡಿದು ಎಬ್ಬಿಸಿದ. "ನಿಧಾನ, ಸಾರ್" ಎಂದ. ಆ ವಚನದ ಎರಡು ಗುರುತುಗಳು, ಕಾಲ ಮೇಲೆ ಊರಿದ ಕೈ ಮತ್ತು ಪರರ ಆಸರೆ, ಒಂದೇ ಕ್ಷಣದಲ್ಲಿ ನನ್ನ ಮೇಲೆ ಬಂದು ಕುಳಿತಿದ್ದವು.

ಅಲ್ಲಿಯವರೆಗೆ ನನಗೆ ಮುಪ್ಪಿನ ಚಿಂತೆ ಇರಲಿಲ್ಲವೆಂದಲ್ಲ. ಪ್ರತಿದಿನ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಕಿವಿಯ ಪಕ್ಕದ ಬಿಳಿಗೂದಲನ್ನು ನೋಡಿಕೊಳ್ಳುತ್ತಿದ್ದೆ. ತಿಂಗಳಿಗೊಮ್ಮೆ ಬಣ್ಣ ಹಚ್ಚಿಕೊಳ್ಳುತ್ತಿದ್ದುದೂ ಉಂಟು. ಕನ್ನಡಿಯಲ್ಲಿ ಕಾಣುವ ಮುಪ್ಪಿಗೆ ಅಷ್ಟು ಉಪಚಾರ ಮಾಡಿದವನು ಕನ್ನಡಿಯಲ್ಲಿ ಕಾಣದ ಮುಪ್ಪಿನ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಮುಂಜಾವಿನ ಯಾವ ಅಭ್ಯಾಸಗಳಿಂದ ಮನುಷ್ಯ ಎಳೆಯನಾಗಿ ಕಾಣುತ್ತಾನೆ, ಎಳೆಯನಾಗಿ ಬಾಳುತ್ತಾನೆ ಎಂಬ ಪ್ರಶ್ನೆಯನ್ನು ಈ ಭೇದವನ್ನಿಟ್ಟುಕೊಂಡೇ ವಿಚಾರಿಸಬೇಕೆಂದು ನನಗೆ ತೋರುತ್ತದೆ. ಬಸವಣ್ಣನವರ ಉದ್ದೇಶ ಭಕ್ತಿ, ಆರೋಗ್ಯವಲ್ಲ. ಅವರ ಪಟ್ಟಿಯನ್ನು ಮಾತ್ರ ನಾನು ಎರವಲು ಪಡೆಯುತ್ತಿದ್ದೇನೆ.

ಮೊದಲು ಕನ್ನಡಿಯಲ್ಲಿ ಕಾಣುವವುಗಳನ್ನು ನೋಡೋಣ. ಕೂದಲಿನ ಬುಡದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳಿವೆ. ವಯಸ್ಸಾದಂತೆ ಅವು ಕ್ಷೀಣಿಸುತ್ತವೆ; ಕೂದಲು ಬಿಳಿಯಾಗಿಯೇ ಹುಟ್ಟುತ್ತದೆ. ಇದು ಯಾವ ವಯಸ್ಸಿನಲ್ಲಿ ಮೊದಲಾಗಬೇಕೆಂಬುದನ್ನು ಬಹುಮಟ್ಟಿಗೆ ವಂಶ ನಿರ್ಣಯಿಸುತ್ತದೆ. ಮುಂಜಾನೆಯ ಯಾವ ಎಣ್ಣೆಯೂ, ಯಾವ ಕಷಾಯವೂ ವಯೋಸಹಜವಾದ ನರೆಯನ್ನು ಹಿಂದಕ್ಕೆ ಕಳಿಸಲಾರದು. ಇದನ್ನು ಒಪ್ಪಿಕೊಂಡ ದಿನ ಮನಸ್ಸಿಗೆ ಒಂದು ಹೊರೆ ಇಳಿಯುತ್ತದೆ.

ಸುಕ್ಕಿನ ವಿಷಯ ಹಾಗಲ್ಲ. ಮುಖದ ಸುಕ್ಕಿನಲ್ಲಿ ಕಾಲದ ಪಾಲಿಗಿಂತ ಬಿಸಿಲಿನ ಪಾಲು ದೊಡ್ಡದು. ಸೂರ್ಯನ ಅತಿನೇರಳೆ ಕಿರಣಗಳು ಚರ್ಮವನ್ನು ಬಿಗಿಯಾಗಿ ಹಿಡಿದಿಟ್ಟಿರುವ ನಾರುಗಳನ್ನು ಸಡಿಲಿಸುತ್ತವೆ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಚಿತ್ರ ಪ್ರಕಟವಾಯಿತು. 28 ವರ್ಷ ಲಾರಿ ಓಡಿಸಿದ, 69 ವರ್ಷದ ಒಬ್ಬನ ಮುಖ ಅದು. ಅಲ್ಲಿ ಚಾಲಕ ಎಡಗಡೆ ಕೂಡುತ್ತಾನೆ; ಕಿಟಕಿಯ ಕಡೆಗಿದ್ದ ಆತನ ಎಡಗೆನ್ನೆ ಆಳವಾಗಿ ಸುಕ್ಕುಗಟ್ಟಿತ್ತು, ಬಲಗೆನ್ನೆ ಅದಕ್ಕಿಂತ ಎಷ್ಟೋ ಎಳೆಯದಾಗಿ ಉಳಿದಿತ್ತು. ಒಂದೇ ಮುಖಕ್ಕೆ ಎರಡು ವಯಸ್ಸು! ಕಿಟಕಿಯ ಗಾಜು ಈ ಕಿರಣಗಳಲ್ಲಿ ಒಂದು ಬಗೆಯನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಆದುದರಿಂದ ತಿರುಗಾಟವನ್ನು ಬಿಸಿಲೇರುವ ಮುನ್ನ ಮುಗಿಸುವುದು, ಹತ್ತು ಗಂಟೆಯ ಮೇಲೆ ಹೊರಡಬೇಕಾದರೆ ಛತ್ರಿಯನ್ನೋ ಟೋಪಿಯನ್ನೋ ಮರೆಯದಿರುವುದು, ಹೊಗೆಸೊಪ್ಪಿನಿಂದ ದೂರವಿರುವುದು, ಈ ಮೂರು ಯಾವ ಲೇಪನಕ್ಕೂ ಕಡಿಮೆಯಲ್ಲದ ಸೌಂದರ್ಯಸಾಧನಗಳು.

ಇನ್ನು ಕನ್ನಡಿಯಲ್ಲಿ ಕಾಣದ ಮುಪ್ಪು. ಬಸವಣ್ಣನವರಾಗಿ ಎಂಟು ಶತಮಾನಗಳಾದ ಮೇಲೆ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ ವೈದ್ಯರು ಒಂದು ಪರೀಕ್ಷೆಯನ್ನು ನಡೆಸಿದರು. 51ರಿಂದ 80 ವರ್ಷದೊಳಗಿನ 2002 ಮಂದಿಯನ್ನು ನೆಲದ ಮೇಲೆ ಕೂತು ಏಳುವಂತೆ ಕೇಳಿಕೊಂಡರು. ಕೂಡುವುದಕ್ಕೆ ಐದು ಅಂಕ, ಏಳುವುದಕ್ಕೆ ಐದು ಅಂಕ. ಕೈ ಊರಿದರೆ ಒಂದು ಅಂಕ ಕಡಿತ, ಮಂಡಿ ಊರಿದರೆ ಇನ್ನೊಂದು, ಕಾಲಿನ ಮೇಲೆ ಕೈಯಿಟ್ಟು ಎದ್ದರೂ ಒಂದು, ಓಲಾಡಿದರೆ ಅರ್ಧ. ಕೆಲವು ವರ್ಷ ಕಾದು ಲೆಕ್ಕ ಹಾಕಿದಾಗ, ಕಡಿಮೆ ಅಂಕ ಪಡೆದವರಲ್ಲಿ ಮರಣ ಹೆಚ್ಚಾಗಿದ್ದುದು ಕಂಡಿತು. ಇದನ್ನು ಅವರು 2012ರಲ್ಲಿ ಪ್ರಕಟಿಸಿದರು. ಕೈಯೂರುವುದೇ ಸಾವಿಗೆ ಕಾರಣವೆಂದು ಇದರ ಅರ್ಥವಲ್ಲ. ಸ್ನಾಯುವಿನ ಬಲ, ಕೀಲಿನ ಸಲೀಸು, ಮೈಯ ಸಮತೋಲ ಇವು ಎಷ್ಟು ಉಳಿದಿವೆ ಎಂಬುದಕ್ಕೆ ಅದೊಂದು ಸೂಚನೆ. ವೈದ್ಯರು ಅಂಕ ಕಳೆದ ಜಾಗದಲ್ಲಿಯೇ ವಚನಕಾರರ ಕಣ್ಣೂ ನೆಟ್ಟಿತ್ತೆಂಬುದು ನನ್ನನ್ನು ಬೆರಗುಗೊಳಿಸುತ್ತದೆ.

ಈ ಶಕ್ತಿ ನಮ್ಮಿಂದ ಹೋಗುವುದು ಹೇಗೆ? ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ಮೇಲೆ ಇನ್ನೂ ಬೇಗ. ಹಿಂದಿನ ಮನೆಗಳಲ್ಲಿ ಮುಂಜಾನೆಯೇ ಈ ನಷ್ಟವನ್ನು ತುಂಬಿಕೊಡುತ್ತಿತ್ತು. ಬಾವಿಯಿಂದ ನೀರು ಸೇದಬೇಕು, ಅಂಗಳ ಗುಡಿಸಿ ಸಾರಿಸಬೇಕು, ಕುಕ್ಕರಗಾಲಿನಲ್ಲಿ ಕೂತು ರಂಗೋಲಿ ಇಡಬೇಕು, ಮಣೆಯ ಮೇಲೆ ಕೂತು ಉಣ್ಣಬೇಕು. ದಿನಕ್ಕೆ ಹತ್ತಾರು ಬಾರಿ ಕೂತು ಏಳುವುದು ಬದುಕಿನೊಳಗೇ ಸೇರಿಹೋಗಿತ್ತು. ಆ ದುಡಿಮೆಯ ಹೊರೆ ಬಹುಪಾಲು ಹೆಂಗಸರ ಮೇಲೆಯೇ ಬಿದ್ದಿತ್ತೆಂಬುದನ್ನು ಮರೆತು ಅದನ್ನು ಹಾಡಿಹೊಗಳುವುದು ನ್ಯಾಯವಲ್ಲ. ಆದರೆ ನಲ್ಲಿ, ಮೇಜು, ಕುರ್ಚಿ, ಎತ್ತರದ ಕಮೋಡು ಇವೆಲ್ಲ ಬಂದು ನೆಲಕ್ಕೂ ನಮಗೂ ಇದ್ದ ಸಂಬಂಧವನ್ನು ಕಡಿದದ್ದಂತೂ ನಿಜ. ಬಳಸದ ಸ್ನಾಯು ಬಾಡುತ್ತದೆ.

ನಮ್ಮ ಪ್ರಾಚೀನರು ಇದನ್ನು ಯೋಚಿಸಿರಲಿಲ್ಲವೆ? ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವೇ ದಿನಚರಿ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ದಂತಧಾವನ, ಅಭ್ಯಂಜನ, ವ್ಯಾಯಾಮ, ಸ್ನಾನ ಎಲ್ಲವೂ ಅಲ್ಲಿವೆ. ಅಭ್ಯಂಜನದಿಂದ ಜರೆಯೂ ಆಯಾಸವೂ ದೂರವಾಗುವುವೆಂದು ಆತ ಹೇಳುತ್ತಾನೆ. ಎಣ್ಣೆ ಚರ್ಮದ ತೇವವನ್ನು ಕಾಪಾಡುತ್ತದೆ, ತಿಕ್ಕಿಸಿಕೊಂಡ ಮೈ ಹಗುರವಾಗುತ್ತದೆ, ಅಷ್ಟು ನಿಜ. ಬಚ್ಚಲಿನಲ್ಲಿ ಎಣ್ಣೆಕಾಲು ಜಾರಿ ತೊಡೆಯ ಮೂಳೆ ಮುರಿದುಕೊಂಡರೆ ಮಾತ್ರ ಜರೆ ಒಂದೇ ದಿನದಲ್ಲಿ ಬಂದೀತು.

ವಾಗ್ಭಟನನ್ನು ಓದುವಾಗ ಎರಡು ಎಚ್ಚರಗಳು ಅಗತ್ಯ. ಒಂದು, ಬ್ರಾಹ್ಮೀ ಮುಹೂರ್ತದ ವಿಷಯ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ತೊಡಗಿ 48 ನಿಮಿಷ ಮೊದಲು ಮುಗಿಯುವ ಕಾಲ ಅದು. ಸ್ವಸ್ಥನಾದವನು ಏಳಬೇಕೆಂದು ಆತ ಹೇಳಿದ್ದು, ದೀಪ ಆರಿಸಿ ಬೇಗ ಮಲಗುತ್ತಿದ್ದ ಜನಕ್ಕೆ. ರಾತ್ರಿ ಹನ್ನೆರಡರವರೆಗೆ ದೂರದರ್ಶನವನ್ನೋ ಕೈಯೊಳಗಿನ ಫೋನನ್ನೋ ನೋಡಿ ನಾಲ್ಕೂವರೆಗೆ ಏಳುವುದು ವ್ರತವಲ್ಲ, ನಿದ್ರೆಯ ಕಳವು. ವಯಸ್ಕರಿಗೆ ಏಳು ಗಂಟೆಯ ನಿದ್ರೆ ಬೇಕು. ಬೇಗ ಏಳುವ ಅಭ್ಯಾಸ ಶುರುವಾಗುವುದು ಹಿಂದಿನ ರಾತ್ರಿ.

ಏಳುವ ಹೊತ್ತಿಗಿಂತ ಎದ್ದ ಮೇಲೆ ಕಾಣುವ ಬೆಳಕು ಮುಖ್ಯವೆಂದು ಇಂದಿನ ವಿಜ್ಞಾನ ಹೇಳುತ್ತದೆ. ನಮ್ಮ ಮಿದುಳಿನಲ್ಲಿ ದೇಹದ ಗಡಿಯಾರವೊಂದಿದೆ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಗಡಿಯಾರಕ್ಕೆ ನಿತ್ಯವೂ ಕೀಲಿ ಕೊಡುವುದು ಕಣ್ಣಿನ ಮೂಲಕ ಬರುವ ಮುಂಜಾನೆಯ ಬೆಳಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ಬೆಳಕನ್ನು ತಡೆಯುತ್ತದೆ. ಆದುದರಿಂದ ಮುದುಕರಿಗೆ ಬೆಳಕು ಹೆಚ್ಚು ಬೇಕು. ಪತ್ರಿಕೆಯನ್ನು ಒಳಮನೆಯ ಮಬ್ಬಿನಲ್ಲಿ ಓದುವ ಬದಲು ಜಗಲಿಯಲ್ಲಿ ಓದಿದರೂ ಸಾಕು, ರಾತ್ರಿಯ ನಿದ್ರೆಗೆ ಅಷ್ಟು ಸಹಾಯ. ಸೂರ್ಯನನ್ನು ನೆಟ್ಟನೋಟದಿಂದ ನೋಡಬೇಕಾಗಿಲ್ಲ, ನೋಡಲೂಬಾರದು.

ಎರಡನೆಯ ಎಚ್ಚರ ವ್ಯಾಯಾಮದ್ದು. ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬೇಕೆಂಬ ವಾಗ್ಭಟನ ಮಾತು ವಿವೇಕದ್ದು. ಆದರೆ ವ್ಯಾಯಾಮವನ್ನು ಬಿಡಬೇಕಾದವರ ಪಟ್ಟಿಯಲ್ಲಿ ಆತ ಬಾಲರ ಜೊತೆಗೆ ವೃದ್ಧರನ್ನೂ ಸೇರಿಸಿದ್ದಾನೆ. ಹಿರಿಯರೆಂಬ ಗೌರವವಿಟ್ಟುಕೊಂಡೇ ಇಲ್ಲಿ ನಾವು ಆತನೊಡನೆ ಭಿನ್ನಾಭಿಪ್ರಾಯ ತಾಳಬೇಕಾಗಿದೆ. 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ, ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದ ವರದಿ ಪ್ರಕಟವಾಯಿತು. ಒಂಬತ್ತು ಮಂದಿ ಅದನ್ನು ಪೂರೈಸಿದರು. ಅವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ಇಬ್ಬರು ಕೋಲು ಹಿಡಿಯುವುದನ್ನೇ ಬಿಟ್ಟರು! ಅಭ್ಯಾಸ ನಿಲ್ಲಿಸಿ ನಾಲ್ಕು ವಾರವಾಗುವಷ್ಟರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಬಲ ಇಳಿದುದನ್ನೂ ಅದೇ ವರದಿ ಹೇಳುತ್ತದೆ. ಮೊದಲ ಮಾತು ಆಸೆ ಹುಟ್ಟಿಸುತ್ತದೆ, ಎರಡನೆಯದು ಅಭ್ಯಾಸವೆಂಬುದನ್ನು ಏಕೆ ಬಿಡಬಾರದೆಂದು ತಿಳಿಸುತ್ತದೆ. ಅರವತ್ತೈದು ದಾಟಿದವರು ವಾರಕ್ಕೆ 150 ನಿಮಿಷದ ನಡಿಗೆಯ ಜೊತೆಗೆ ಎರಡು ದಿನವಾದರೂ ಸ್ನಾಯುಬಲದ, ಮೂರು ದಿನವಾದರೂ ಸಮತೋಲದ ಅಭ್ಯಾಸ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನಮ್ಮಲ್ಲಿ ಎಷ್ಟೋ ಮಂದಿ ನಡಿಗೆಯನ್ನಷ್ಟೇ ಮಾಡಿ ತೃಪ್ತರಾಗುತ್ತಾರೆ. ನಾನೂ ಹಾಗೆಯೇ ಇದ್ದೆ. ದಿನವೂ ನಡೆಯುತ್ತಿದ್ದವನೇ ಪಂಕ್ತಿಯಿಂದ ಏಳಲಾರದೆ ಹೋದದ್ದು.

ಹಲ್ಲಿನ ಸಂಗತಿಯನ್ನು ಇದರಿಂದ ಬೇರೆಯೆಂದು ಎಣಿಸಬಾರದು. ಹಲ್ಲು ಹೋದವರು ಕಾಳನ್ನೂ ಕಾಯಿಯನ್ನೂ ಬಿಟ್ಟು ಮೆತ್ತಗಿನ ಅನ್ನಕ್ಕೆ ಇಳಿಯುತ್ತಾರೆ. ಸಸಾರಜನಕ ಕಡಿಮೆಯಾಗಿ ಸ್ನಾಯು ಇನ್ನಷ್ಟು ಸೊರಗುತ್ತದೆ. ಹಲ್ಲಿನಿಂದ ಮಂಡಿಯವರೆಗೆ ಒಂದೇ ಸರಪಳಿ. ಇಟ್ಟಿಗೆಯ ಪುಡಿ, ಇದ್ದಿಲು, ಉಪ್ಪು ಹಾಕಿ ಗಸಗಸನೆ ಉಜ್ಜುವುದರಿಂದ ಹಲ್ಲಿನ ಹೊಳಪಿನ ಕವಚವೇ ಸವೆಯುತ್ತದೆ. ಮೆತ್ತನೆಯ ಕುಂಚ, ಫ್ಲೋರೈಡ್ ಇರುವ ಪೇಸ್ಟು, ಹಗುರವಾದ ಕೈ ಇವು ಸಾಕು. ಮುಂಜಾನೆಯ ಗುಣಗಾನ ಮಾಡಲು ಹೊರಟವನು ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಹಲ್ಲಿನ ಮಟ್ಟಿಗೆ ಬೆಳಗಿಗಿಂತ ರಾತ್ರಿ ಮಲಗುವ ಮುನ್ನ ಉಜ್ಜುವುದು ಹೆಚ್ಚು ಮುಖ್ಯ. ಇನ್ನು ಬೆಳಗಿನ ಉಪಾಹಾರ. ಒಂದು ಇಡ್ಲಿಯಲ್ಲಿರುವ ಸಸಾರಜನಕ ಎರಡು ಗ್ರಾಂನಷ್ಟು. ದೇಹಕ್ಕೆ ಬೇಕಾದುದು, ತೂಕದ ಒಂದು ಕಿಲೋಗೆ ದಿನಕ್ಕೆ ಸುಮಾರು ಒಂದು ಗ್ರಾಂ. ಬರಿಯ ಇಡ್ಲಿ, ಉಪ್ಪಿಟ್ಟುಗಳಿಂದ ಅದು ತುಂಬುವುದಿಲ್ಲ. ಪಕ್ಕದಲ್ಲಿ ಮೊಳಕೆಯ ಹೆಸರುಕಾಳು, ಬೇಳೆಯ ಕೋಸಂಬರಿ, ಮೊಸರು, ತಿನ್ನುವವರಿಗೆ ಮೊಟ್ಟೆ ಇವುಗಳಲ್ಲಿ ಒಂದಾದರೂ ಇರಲಿ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಇದನ್ನು ಮಾಡತಕ್ಕದ್ದು.

ನನ್ನ ಈಗಿನ ಬೆಳಗು ಹೀಗಿದೆ. ಎಚ್ಚರವಾದ ಕೂಡಲೇ ದಡಕ್ಕನೆ ಎದ್ದು ನಿಲ್ಲುವುದಿಲ್ಲ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂಡುತ್ತೇನೆ. ವಯಸ್ಸಾದವರಲ್ಲಿ ಎದ್ದಾಗ ರಕ್ತದ ಒತ್ತಡ ಸರ್ರನೆ ಇಳಿದು ತಲೆ ತಿರುಗುವುದುಂಟು. ನೀರು ಕುಡಿದು ಜಗಲಿಗೆ ಬರುತ್ತೇನೆ. ಬೆಳಕು ಹರಿದ ಮೇಲೆ ನಡಿಗೆ. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲಿ ಹೆಚ್ಚೆಂಬುದು ವೈದ್ಯರ ಅನುಭವವಾದ್ದರಿಂದ ಮೊದಲ ಹತ್ತು ನಿಮಿಷ ನಿಧಾನ. ಹಿಂದಿರುಗಿ, ಗೋಡೆಯ ಪಕ್ಕದಲ್ಲಿ ಒಂಟಿಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುತ್ತೇನೆ. ಆಮೇಲೆ ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಕೂತು ಏಳುತ್ತೇನೆ. ಹುಡುಗರಿಗೆ ಶಿಕ್ಷೆಯೆಂದು ಮೇಷ್ಟರು ಹಾಕಿಸುತ್ತಿದ್ದ ಬಸ್ಕಿಯ ಮೆದುರೂಪ ಇದು. ಮೇಷ್ಟರ ಪಾಲಿನ ಬಸ್ಕಿ ಅರವತ್ತರ ಮೇಲೆ ಬಂದಿತೆಂದು ಮನೆಯಲ್ಲಿ ನಗುತ್ತಾರೆ. ಮಂಡಿನೋವು, ಹೃದ್ರೋಗ ಇರುವವರು ನನ್ನನ್ನು ಅನುಸರಿಸುವ ಮೊದಲು ತಮ್ಮ ವೈದ್ಯರನ್ನು ಕೇಳಲಿ.

ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ. ಈಗ ನನ್ನನ್ನು ಕಂಡವರು ಮೊದಲಿಗಿಂತ ಹತ್ತು ವರ್ಷ ಹೆಚ್ಚು ಹೇಳುತ್ತಾರೆ. ಆದರೆ ಒಂದೂವರೆ ವರ್ಷದ ಅಭ್ಯಾಸದ ಬಳಿಕ ಮೊನ್ನೆ ಇನ್ನೊಂದು ಪಂಕ್ತಿಯಲ್ಲಿ ಕೂತಿದ್ದೆ. ಊಟ ಮುಗಿದಾಗ ಒಂದು ಕೈಯನ್ನು ನೆಲಕ್ಕೂರಿ ಎದ್ದೆ, ಸ್ವಲ್ಪ ಓಲಾಡಿದೆ. ಬ್ರೆಜಿಲಿನ ವೈದ್ಯರು ಒಂದೂವರೆ ಅಂಕ ಕಳೆಯುತ್ತಿದ್ದರು. ರಟ್ಟೆ ಹಿಡಿಯಲೆಂದು ಹತ್ತಿರ ಬಂದಿದ್ದ ನನ್ನ ಹೆಂಡತಿ, "ಕೂದಲೇನೂ ಕಪ್ಪಾಗಲಿಲ್ಲ, ಆದರೆ ನಾನು ಬರುವುದರೊಳಗೆ ಎದ್ದುಬಿಟ್ಟಿರಲ್ಲ" ಎಂದಳು. ಆ ವಚನವನ್ನು ಮತ್ತೊಮ್ಮೆ ಪಾಠ ಹೇಳುವ ಅವಕಾಶ ಸಿಕ್ಕರೆ, ಹುಡುಗರನ್ನು ಮೊದಲು ನೆಲದ ಮೇಲೆ ಕೂಡಿಸಿ, ಕೈಯೂರದೆ ಏಳಲು ಹೇಳಿ, ಆಮೇಲೆ ಪುಸ್ತಕ ತೆರೆಸುತ್ತೇನೆ.