ಬೆನ್ನು ಬಿದಿರಾಗುವ ಮೊದಲು

ಪರ್ಕಳದಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ಎಕ್ಸ್‌ರೇ ಕವರನ್ನು ಮಡಚದಂತೆ ಎದೆಗಾನಿಸಿಕೊಂಡು ಕೂತವರನ್ನು ಎಷ್ಟೋ ಸಲ ಕಂಡಿದ್ದೇನೆ. ಅವರಲ್ಲಿ ಇಪ್ಪತ್ತೈದು ದಾಟದ ಹುಡುಗರಿದ್ದರೆ ನನಗೆ ಸಂಕಟ. ಈ ವಯಸ್ಸಿಗೆ ಎಂಥ ಸೊಂಟನೋವು, ಎಣ್ಣೆ ತಿಕ್ಕಿ ಮಲಗು ಎನ್ನುತ್ತಾರೆ ಮನೆಯವರು. ಆದರೆ ಒಂದು ಬಗೆಯ ನೋವು ಮಲಗಿದಷ್ಟೂ ಏರುತ್ತದೆ, ನಡೆದಾಡಿದರೆ ಇಳಿಯುತ್ತದೆ. ಬೆಳಿಗ್ಗೆ ಎದ್ದರೆ ಬೆನ್ನು ಅರ್ಧ ಗಂಟೆ ಮೀರಿ ಸೆಟೆದೇ ಇರುತ್ತದೆ. ಅದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಸಂಧಿವಾತ ಇರಬಹುದು. ಬೆನ್ನೆಲುಬಿನ ಬುಡವು ಸೊಂಟದ ಎಲುಬಿಗೆ ಕೂಡುವ ಎಡಬಲದ ಎರಡು ಕೀಲುಗಳಲ್ಲೇ ಹೆಚ್ಚಾಗಿ ಅದರ ಶುರು.

ರಷ್ಯಾದ ವೈದ್ಯ ಬೆಖ್ತೆರೆವ್ ಈ ಕಾಯಿಲೆಯನ್ನು ವಿವರಿಸಿದ್ದು 1893ರಲ್ಲಿ. ಎರಡು ವರ್ಷದ ಬಳಿಕ ರೋಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದ. ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿ, 1961ರಲ್ಲಿ ಆಸ್ಪತ್ರೆ ತೆರೆದ ಕಾಲಕ್ಕೂ ಇದನ್ನು ಚಿತ್ರದಲ್ಲಿ ಹಿಡಿಯಲು ವೈದ್ಯಲೋಕಕ್ಕೆ ಎಕ್ಸ್‌ರೇ ಒಂದೇ ಗತಿ. ಈ ರೋಗ ಗುರುತಿಸಲು 1984ರಲ್ಲಿ ತಿದ್ದಿದ ನ್ಯೂಯಾರ್ಕ್ ಮಾನದಂಡವೂ ಎಕ್ಸ್‌ರೇಯಲ್ಲಿ ಕೀಲು ಕೆಟ್ಟದ್ದು ಕಾಣಲೇಬೇಕು ಎಂದಿತು.

ಎಕ್ಸ್‌ರೇಗೆ ಕಾಣುವುದು ಎಲುಬು; ಉರಿಯೂತವಲ್ಲ. ತೀರಾ ಮುಂದುವರಿದ ರೋಗಿಯ ಚಿತ್ರವನ್ನು ಬೆಳಕಿಗೆ ಹಿಡಿದರೆ ಕಾಣುವುದು ಬಿದಿರಿನ ಗಳುವೇ: ಕಶೇರುಗಳ ನಡುವೆ ಎಲುಬಿನ ಸೇತುವೆ ಬೆಳೆದು, ಸಂದುಸಂದೂ ಗಿಣ್ಣಿನಂತೆ ಉಬ್ಬಿರುತ್ತದೆ. ವೈದ್ಯರು ಕರೆಯುವುದೂ ಬಿದಿರು ಬೆನ್ನು ಎಂದೇ. ಅಷ್ಟರಲ್ಲಿ ಬಗ್ಗುವುದೇ ಕಷ್ಟವಾಗಿರುತ್ತದೆ.

ದಾರಿ ತೆರೆದದ್ದು ಎಂಆರ್‌ಐ. 1973ರಲ್ಲಿ ವಿಜ್ಞಾನಿ ಲಾಟರ್‌ಬರ್ ಅದರ ಮೊದಲ ಚಿತ್ರ ಪ್ರಕಟಿಸಿದರು. ಉರಿಯೂತವಾದ ಕಡೆ ಮಜ್ಜೆಯಲ್ಲಿ ನೀರು ಸೇರುತ್ತದೆ. ಕೊಬ್ಬಿನ ಹೊಳಪನ್ನು ಅಡಗಿಸಿ ಚಿತ್ರ ತೆಗೆದರೆ, ಕಪ್ಪಗಿನ ಎಲುಬಿನಲ್ಲಿ ಕೀಲಿನ ಅಂಚಿಗೆ ಬಿಳಿ ಮಚ್ಚೆ ಮೂಡುತ್ತದೆ, ಮಳೆಗಾಲದ ಗೋಡೆಯಲ್ಲಿ ನೀರು ಜಿನುಗಿದ ಹಾಗೆ. ಎಲುಬು ಕೂಡಿಕೊಳ್ಳಲು ಇನ್ನೂ ವರ್ಷಗಳಿರುವಾಗಲೇ ಅದು ಕಾಣಸಿಗಬಹುದು. 2009ರ ಅಂತರರಾಷ್ಟ್ರೀಯ ಮಾನದಂಡ ಈ ಮಚ್ಚೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಎಕ್ಸ್‌ರೇ ಸರಿ ಇದೆ ಎಂದು ವಾಪಸಾಗುತ್ತಿದ್ದ ಹುಡುಗರ ನೋವಿಗೆ ಕೊನೆಗೂ ಹೆಸರು ಸಿಕ್ಕಿತು. ಹೆಂಗಸರಿಗಂತೂ ಇದು ಇನ್ನೂ ದೊಡ್ಡ ಮಾತು. ಅವರಲ್ಲಿ ಎಕ್ಸ್‌ರೇ ಬದಲಾವಣೆ ನಿಧಾನ.

ಆದರೆ ಬಾಣಂತಿಯರಲ್ಲೂ ಓಟಗಾರರಲ್ಲೂ ಅಂಥದೇ ಬಿಳಿ ಮಚ್ಚೆ ಕಾಣುವುದುಂಟು. ಹಾಗಾಗಿ ಬಲ್ಲ ವೈದ್ಯರು ಚಿತ್ರ ನೋಡುವ ಮೊದಲೇ ಕೇಳುತ್ತಾರೆ: ಬೆಳಿಗ್ಗೆ ಎದ್ದು ಬೆನ್ನು ಸಡಿಲವಾಗಲು ಎಷ್ಟು ಹೊತ್ತು ಬೇಕು?