ಪೈಥಾನ್ ಇಂಟರ್‌ಪ್ರಿಟರನ್ನು ಮೂಲ ಸಂಕೇತದಿಂದ ಸಿದ್ಧಪಡಿಸಿ ಸ್ಥಾಪಿಸುವ ವಿಧಾನ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು ಮತ್ತು ಶಾಲಾ ಸಮಿತಿಗಳು ತಮ್ಮ ಸದಸ್ಯರ ಪಟ್ಟಿಗಳನ್ನು ಗಣಕಯಂತ್ರದಲ್ಲಿ ಕನ್ನಡದಲ್ಲಿಯೇ ಸಿದ್ಧಪಡಿಸಿ ಅರ್ಜಿಗಳೊಂದಿಗೆ ಸಲ್ಲಿಸುವುದುಂಟು. ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ಹೆಸರುಗಳನ್ನು ಗಣಕಯಂತ್ರವು ಬೇರೆ ಬೇರೆ ಎಂದು ಪರಿಗಣಿಸುವ ಸಂದರ್ಭಗಳಿವೆ. ಅಂತಹ ವ್ಯತ್ಯಾಸವು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಮುದ್ರಿತ ಪ್ರತಿಯನ್ನು ಎಷ್ಟು ಬಾರಿ ಓದಿದರೂ ಪತ್ತೆಯಾಗುವುದಿಲ್ಲ.

ಪೈಥಾನ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಈ ವ್ಯತ್ಯಾಸವನ್ನು ಯಾವುದೇ ಶುಲ್ಕವಿಲ್ಲದೆ, ಪಟ್ಟಿಯನ್ನು ಪರರ ಕೈಗೆ ಒಪ್ಪಿಸದೆ, ತಮ್ಮ ಗಣಕಯಂತ್ರದಲ್ಲಿಯೇ ಕಂಡುಕೊಳ್ಳಬಹುದಾಗಿದೆ. ಸದರಿ ತಂತ್ರಾಂಶವನ್ನು ಮೂಲ ಸಂಕೇತದಿಂದ ಸಿದ್ಧಪಡಿಸಿ ಸ್ಥಾಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಯಾವುದೇ ಸೇವೆಗೆ ಅರ್ಜಿ ಸಲ್ಲಿಸಲು ಈ ತಂತ್ರಾಂಶವು ಕಡ್ಡಾಯವಲ್ಲ ಎಂಬುದನ್ನು ಅರ್ಜಿದಾರರು ಗಮನಿಸುವುದು.

2. ಇಂಟರ್‌ಪ್ರಿಟರ್ ಎಂದರೇನು?

ನಿಪ್ಪಾಣಿಯ ಮಾರುಕಟ್ಟೆಯಲ್ಲಿ ಕನ್ನಡ ಮಾತ್ರ ಬಲ್ಲವರಿಗೂ ಮರಾಠಿ ಮಾತ್ರ ಬಲ್ಲವರಿಗೂ ನಡುವೆ ನಿಂತು, ಒಂದೊಂದೇ ಮಾತನ್ನು ತಿಳಿಸಿ ವ್ಯವಹಾರ ನಡೆಸಿಕೊಡುವವರನ್ನು ದುಭಾಷಿ ಎನ್ನುತ್ತೇವೆ. ಮನುಷ್ಯರು ಬರೆದ ಸೂಚನೆಗಳನ್ನು ಓದಿ ಗಣಕಯಂತ್ರದಿಂದ ಕೂಡಲೇ ಕೆಲಸ ಮಾಡಿಸುವ ತಂತ್ರಾಂಶವೇ ಇಂಟರ್‌ಪ್ರಿಟರ್. ಪೈಥಾನ್ ಭಾಷೆಯನ್ನು ಗೈಡೊ ವಾನ್ ರೋಸಮ್ ಅವರು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತ ಮತ್ತು ಗಣಕ ಸಂಶೋಧನಾ ಕೇಂದ್ರದಲ್ಲಿ 1989ರ ಡಿಸೆಂಬರ್‌ನಲ್ಲಿ ರೂಪಿಸಲಾರಂಭಿಸಿ, 1991ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಬಿಡುಗಡೆ ಮಾಡಿದರು.

ಈ ದುಭಾಷಿಯನ್ನು ಸಿ ಎಂಬ ಇನ್ನೊಂದು ಭಾಷೆಯಲ್ಲಿ ಬರೆಯಲಾಗಿದೆ. ಸಿ ಭಾಷೆಯಲ್ಲಿರುವ ಆ ಬರಹವೇ ಮೂಲ ಸಂಕೇತ. ಅದನ್ನು ಕಂಪೈಲರ್ ಎಂಬ ತಂತ್ರಾಂಶದ ಮೂಲಕ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಒಮ್ಮೆಗೇ ಪರಿವರ್ತಿಸುವ ಕಾರ್ಯಕ್ಕೆ ಇಲ್ಲಿ ‘ಸಿದ್ಧಪಡಿಸುವುದು’ ಎಂದಿದೆ. ಮೂಲ ಸಂಕೇತವು ಬಹಿರಂಗವಾಗಿರುವುದರಿಂದ, ಲೆಕ್ಕಪತ್ರದ ಪುಸ್ತಕವನ್ನು ತೆರೆದಿಟ್ಟಂತೆ, ಅದರೊಳಗೆ ಏನಿದೆಯೆಂಬುದನ್ನು ಯಾರು ಬೇಕಾದರೂ ಪರಿಶೀಲಿಸಬಹುದು, ನಕಲು ಮಾಡಬಹುದು ಹಾಗೂ ಪರರಿಗೆ ನೀಡಬಹುದು.

3. ಯಾರಿಗೆ ಇದರ ಅಗತ್ಯವಿದೆ?

(ಅ) ವಿಂಡೋಸ್ ಗಣಕಯಂತ್ರ ಹೊಂದಿರುವವರು ಪೈಥಾನ್‌ನ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ದೊರೆಯುವ ಸಿದ್ಧ ಸ್ಥಾಪಕ ಕಡತವನ್ನು ಬಳಸುವುದು ಸೂಕ್ತ. ಕೆಳಕಂಡ ಕ್ರಮವು ಲಿನಕ್ಸ್ ಗಣಕಯಂತ್ರಗಳಿಗೆ ಅನ್ವಯಿಸುತ್ತದೆ.

(ಆ) ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಪೈಥಾನ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಇರುವ ಆವೃತ್ತಿಯು ಚಾಲ್ತಿಯಲ್ಲಿದ್ದರೆ ಹೊಸದಾಗಿ ಸಿದ್ಧಪಡಿಸುವ ಅಗತ್ಯವಿಲ್ಲ. ನೇರವಾಗಿ 6ನೇ ಕಂಡಿಕೆಗೆ ಹೋಗಬಹುದು.

(ಇ) ಹಳೆಯ ಗಣಕಯಂತ್ರ ಉಳ್ಳವರು, ಕಾಲೇಜಿನ ಪ್ರಯೋಗಾಲಯದಲ್ಲಿ ಆಡಳಿತಾಧಿಕಾರದ ಗುಪ್ತಪದ ಇಲ್ಲದ ವಿದ್ಯಾರ್ಥಿಗಳು ಹಾಗೂ ಅಂತರಜಾಲ ಸಂಪರ್ಕ ದುರ್ಬಲವಾಗಿರುವ ಗ್ರಾಮಗಳವರು ಈ ಕ್ರಮವನ್ನು ಅನುಸರಿಸಬಹುದು. ಪೈಥಾನ್‌ನ ಪ್ರತಿಯೊಂದು 3ನೇ ಸರಣಿಯ ಆವೃತ್ತಿಗೆ ಸುಮಾರು 5 ವರ್ಷಗಳ ಕಾಲ ಮಾತ್ರ ಸುರಕ್ಷತಾ ತಿದ್ದುಪಡಿಗಳು ದೊರೆಯುತ್ತವೆ. ಉದಾಹರಣೆಗೆ, 3.8ನೇ ಆವೃತ್ತಿಯ ಅವಧಿಯು 2024ರ ಅಕ್ಟೋಬರ್‌ನಲ್ಲಿ ಮುಗಿದಿದೆ. 2ನೇ ಸರಣಿಯ ಬೆಂಬಲವು 2020ರ ಜನವರಿ 1ಕ್ಕೆ ಕೊನೆಗೊಂಡಿದ್ದು, ಅದನ್ನು ಹೊಸ ಕೆಲಸಗಳಿಗೆ ಬಳಸಬಾರದು.

4. ಬೇಕಾಗುವ ಸಾಮಗ್ರಿ

(1) ಮೂಲ ಸಂಕೇತದ ಕಟ್ಟು. ಇದರ ಗಾತ್ರವು 20ರಿಂದ 30 ಮೆಗಾಬೈಟ್ ಮಾತ್ರ. ಸಂಪರ್ಕವಿರುವ ಸ್ಥಳದಲ್ಲಿ ಅಧಿಕೃತ ಜಾಲತಾಣದಿಂದ ಪಡೆದು ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ಯಬಹುದು.
(2) ಗಣಕಯಂತ್ರದಲ್ಲಿ ಕನಿಷ್ಠ 1 ಗಿಗಾಬೈಟ್ ಖಾಲಿ ಸ್ಥಳ.
(3) ಸಿ ಕಂಪೈಲರ್ ಮತ್ತು ‘ಮೇಕ್’ ಎಂಬ ಸಾಧನ. ಉಬುಂಟುವಿನಲ್ಲಿ ಇವೆರಡೂ ‘ಬಿಲ್ಡ್ ಎಸೆನ್ಷಿಯಲ್’ ಎಂಬ ಒಂದೇ ಕಟ್ಟಿನಲ್ಲಿ ದೊರೆಯುತ್ತವೆ.
(4) ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್, ಎಸ್‌ಕ್ಯೂಲೈಟ್, ರೀಡ್‌ಲೈನ್ ಹಾಗೂ ಲಿಬ್‌ಎಫ್‌ಎಫ್‌ಐ ಎಂಬ ಲೈಬ್ರರಿಗಳ ಅಭಿವೃದ್ಧಿ ಕಡತಗಳು.

ಕ್ರಮಸಂಖ್ಯೆ 3 ಮತ್ತು 4ರ ಸಾಮಗ್ರಿಯನ್ನು ಅಳವಡಿಸಲು ಆಡಳಿತಾಧಿಕಾರ ಬೇಕಾಗುವುದರಿಂದ, ಪ್ರಯೋಗಾಲಯದ ಉಸ್ತುವಾರಿ ಹೊಂದಿರುವವರನ್ನು ಒಮ್ಮೆ ಕೋರಿಕೊಳ್ಳತಕ್ಕದ್ದು. ನಂತರದ ಹಂತಗಳಿಗೆ ಅಂತಹ ಅಧಿಕಾರ ಬೇಕಿಲ್ಲ.

5. ಅನುಸರಿಸಬೇಕಾದ ಹಂತಗಳು

ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬೆರಳಚ್ಚಿಸತಕ್ಕದ್ದು. ಅವುಗಳ ಸರಿಯಾದ ಕಾಗುಣಿತವು ಕಟ್ಟಿನೊಳಗೆ ಇರುವ ‘ರೀಡ್‌ಮಿ’ ಕಡತದಲ್ಲಿದೆ.

ಹಂತ 1 – ತಾಳೆ ನೋಡುವುದು: ಬಿಡುಗಡೆಯ ಪುಟದಲ್ಲಿ ಕಟ್ಟಿನ ಚೆಕ್‌ಸಮ್ ಪ್ರಕಟವಾಗಿರುತ್ತದೆ. ತಮ್ಮ ಕಟ್ಟಿನ ಚೆಕ್‌ಸಮ್ಮನ್ನು ಲೆಕ್ಕಹಾಕಿಸಿ, ಚಲನ್‌ನ ಮೊತ್ತವನ್ನು ಖಜಾನೆಯ ಜಮೆಯೊಂದಿಗೆ ತಾಳೆ ನೋಡುವಂತೆ, ಎರಡನ್ನೂ ಹೋಲಿಸುವುದು. ಒಂದು ಅಕ್ಷರ ವ್ಯತ್ಯಾಸವಾದರೂ ಆ ಕಟ್ಟನ್ನು ಅಳಿಸಿ ಮತ್ತೊಮ್ಮೆ ಪಡೆಯತಕ್ಕದ್ದು.

ಹಂತ 2 – ಬಿಚ್ಚುವುದು: ಕಟ್ಟನ್ನು ಪೆನ್‌ಡ್ರೈವ್‌ನಿಂದ ತಮ್ಮ ಹೋಮ್ ಫೋಲ್ಡರಿಗೆ ನಕಲಿಸಿ, ಅಲ್ಲಿ ‘ಟಾರ್’ ಆದೇಶದಿಂದ ಬಿಚ್ಚುವುದು. ಪೆನ್‌ಡ್ರೈವ್‌ನಲ್ಲಿಯೇ ಬಿಚ್ಚಿದರೆ ಕಡತಗಳ ಚಾಲನಾ ಅನುಮತಿಗಳು ಸಾಮಾನ್ಯವಾಗಿ ಉಳಿಯದೆ ಮುಂದಿನ ಹಂತವು ವಿಫಲವಾಗುತ್ತದೆ. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಇರದಂತೆ ನೋಡಿಕೊಳ್ಳುವುದು.

ಹಂತ 3 – ‘ಕಾನ್ಫಿಗರ್’: ಈ ಆದೇಶವು ಗಣಕಯಂತ್ರದಲ್ಲಿ ಏನೇನು ಲಭ್ಯವಿದೆ ಎಂಬುದನ್ನು ಪರಿಶೀಲಿಸಿ ಕೆಲಸದ ಪಟ್ಟಿಯನ್ನು ತಯಾರಿಸುತ್ತದೆ. ಇದರೊಂದಿಗೆ ‘ಪ್ರಿಫಿಕ್ಸ್’ ಎಂಬ ಆಯ್ಕೆಯಲ್ಲಿ ಹೋಮ್ ಫೋಲ್ಡರಿನೊಳಗಿನ ಒಂದು ಹೊಸ ಫೋಲ್ಡರನ್ನು ಸೂಚಿಸತಕ್ಕದ್ದು. ಹೀಗೆ ಸೂಚಿಸುವುದರಿಂದಲೇ ಆಡಳಿತಾಧಿಕಾರವಿಲ್ಲದೆ ಸ್ಥಾಪನೆ ಸಾಧ್ಯವಾಗುತ್ತದೆ.

ಹಂತ 4 – ‘ಮೇಕ್’: ಇದು ಕಂಪೈಲರನ್ನು ಕರೆದು ನೂರಾರು ಕಡತಗಳನ್ನು ಒಂದೊಂದಾಗಿ ಪರಿವರ್ತಿಸುತ್ತದೆ. ಹೊಸ ಯಂತ್ರದಲ್ಲಿ ಕೆಲವೇ ನಿಮಿಷ, ಹಳೆಯದರಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ಕೊನೆಯಲ್ಲಿ ಸಿದ್ಧವಾಗದೆ ಉಳಿದ ಭಾಗಗಳ ಪಟ್ಟಿ ಮೂಡುತ್ತದೆ. ಇದನ್ನು ತಪ್ಪದೆ ಓದುವುದು. ಅದರಲ್ಲಿ ‘ಎಸ್‌ಎಸ್‌ಎಲ್’ ಎಂದಿದ್ದರೆ, ಮುಂದೆ ಅಂತರಜಾಲದಿಂದ ಯಾವುದೇ ಹೆಚ್ಚುವರಿ ಕಟ್ಟನ್ನು ಸುರಕ್ಷಿತವಾಗಿ ಪಡೆಯಲಾಗದು. ಓಪನ್‌ಎಸ್‌ಎಸ್‌ಎಲ್‌ನ ಅಭಿವೃದ್ಧಿ ಕಡತಗಳನ್ನು ಅಳವಡಿಸಿ 3ನೇ ಹಂತದಿಂದ ಪುನರಾರಂಭಿಸುವುದು.

ಹಂತ 5 – ‘ಮೇಕ್ ಟೆಸ್ಟ್’: ಸಿದ್ಧವಾದ ಇಂಟರ್‌ಪ್ರಿಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕೆಲವು ಪರೀಕ್ಷೆಗಳನ್ನು ಕೈಬಿಡಲಾಗಿದೆ ಎಂಬ ಸೂಚನೆ ಬಂದರೆ ಆತಂಕಪಡಬೇಕಾಗಿಲ್ಲ. ವಿಫಲವಾಗಿದೆ ಎಂದು ಬಂದರೆ ಕಾರಣ ನೋಡತಕ್ಕದ್ದು.

ಹಂತ 6 – ‘ಮೇಕ್ ಆಲ್ಟ್‌ಇನ್‌ಸ್ಟಾಲ್’: ಬರಿಯ ‘ಮೇಕ್ ಇನ್‌ಸ್ಟಾಲ್’ ಬದಲಿಗೆ ಇದನ್ನೇ ಬಳಸುವುದು ಕ್ಷೇಮಕರ. ಹೀಗೆ ಸ್ಥಾಪಿಸಿದ ಪೈಥಾನ್ ತನ್ನ ಆವೃತ್ತಿಸಂಖ್ಯೆಯುಳ್ಳ ಹೆಸರಿನಲ್ಲಿ ಮಾತ್ರ ನಿಲ್ಲುತ್ತದೆ. ‘ಪೈಥಾನ್ 3’ ಎಂಬ ಸಾಮಾನ್ಯ ಹೆಸರನ್ನು ಆಕ್ರಮಿಸುವುದಿಲ್ಲ. ಲಿನಕ್ಸ್ ವ್ಯವಸ್ಥೆಯ ಅನೇಕ ಸಾಧನಗಳು ಮೊದಲಿನಿಂದಿರುವ ಪೈಥಾನನ್ನು ಅವಲಂಬಿಸಿರುವುದರಿಂದ ಅದನ್ನು ತೆಗೆಯುವುದಾಗಲಿ, ಬದಲಿಸುವುದಾಗಲಿ ಮಾಡಬಾರದು.

6. ಸ್ಥಾಪನೆಯ ನಂತರದ ಪರಿಶೀಲನೆ: ‘ಚಿಕ್ಕೋಡಿ’ಯ ಉದಾಹರಣೆ

ಪೈಥಾನ್‌ನ 3ನೇ ಸರಣಿಯು 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಂದಿನಿಂದ ಪಠ್ಯವನ್ನೆಲ್ಲ ಯೂನಿಕೋಡ್ ಎಂದೇ ಪರಿಗಣಿಸುತ್ತದೆ. ಆದುದರಿಂದ ಕನ್ನಡ ಪಠ್ಯವನ್ನು ನೇರವಾಗಿ ಕೊಡಬಹುದು. ಪದದ ಉದ್ದ ತಿಳಿಸುವ ‘ಲೆನ್’ ಎಂಬ ಸೂಚನೆಗೆ 5 ತಾಲ್ಲೂಕುಗಳ ಹೆಸರುಗಳನ್ನು ಒಂದೊಂದಾಗಿ ಕೊಟ್ಟರೆ ಈ ಕೆಳಕಂಡ ಉತ್ತರ ಬರತಕ್ಕದ್ದು:

ಅಥಣಿ – 4
ಕಾಗವಾಡ – 6
ಚಿಕ್ಕೋಡಿ – 8
ನಿಪ್ಪಾಣಿ – 8
ರಾಯಬಾಗ – 6

ಇಲ್ಲಿ ವ್ಯಂಜನ, ಸ್ವರಚಿಹ್ನೆ ಮತ್ತು ಒತ್ತಕ್ಷರವನ್ನು ಉಂಟುಮಾಡುವ ಹಲಂತ ಚಿಹ್ನೆ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ಆದರೆ ‘ಚಿಕ್ಕೋಡಿ’ ಎಂಬ ಪದಕ್ಕೆ ಕೆಲವೊಮ್ಮೆ 9 ಅಥವಾ 10 ಎಂಬ ಉತ್ತರ ಬರಬಹುದು. ‘ಕೋ’ ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿಯೂ, ಒಕಾರ ಮತ್ತು ದೀರ್ಘ ಎಂಬ 2 ಚಿಹ್ನೆಗಳಾಗಿಯೂ, ಎಕಾರ, ಊಕಾರ ಮತ್ತು ದೀರ್ಘ ಎಂಬ 3 ಚಿಹ್ನೆಗಳಾಗಿಯೂ ದಾಖಲಿಸಲು ಯೂನಿಕೋಡ್‌ನಲ್ಲಿ ಅವಕಾಶವಿರುವುದೇ ಇದಕ್ಕೆ ಕಾರಣ. ಮೂರೂ ರೂಪಗಳು ಪರದೆಯ ಮೇಲೆ ಒಂದೇ ರೀತಿ ಕಾಣಿಸುತ್ತವೆ. ನೇರ ಹೋಲಿಕೆಯಲ್ಲಿ ಮಾತ್ರ ಮೂರೂ ಬೇರೆ ಬೇರೆ.

ಇದರ ಪರಿಣಾಮವನ್ನು ಗಮನಿಸುವುದು. ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿದ್ದ ನಿಪ್ಪಾಣಿ ಮತ್ತು ಅಥಣಿ ತಾಲ್ಲೂಕಿನಲ್ಲಿದ್ದ ಕಾಗವಾಡ 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಅದಕ್ಕೂ ಹಿಂದಿನ ಪಟ್ಟಿಯೊಂದರಲ್ಲಿ ನಿಪ್ಪಾಣಿ ಭಾಗದ ಸದಸ್ಯರ ಎದುರು ‘ಚಿಕ್ಕೋಡಿ’ ಎಂದಿರುತ್ತದೆ. ಅಂತಹ ನಮೂದುಗಳನ್ನು ಹುಡುಕಿ ಬದಲಿಸಲು ಹೊರಟಾಗ, ಬೇರೆ ರೂಪದಲ್ಲಿ ದಾಖಲಾದ ಸಾಲುಗಳು ಹುಡುಕಾಟಕ್ಕೆ ಸಿಗದೆ ಹಳೆಯ ತಾಲ್ಲೂಕಿನ ಹೆಸರಿನಲ್ಲಿಯೇ ಉಳಿದುಬಿಡಬಹುದು. ಉಳಿದದ್ದು ಒಬ್ಬ ಸದಸ್ಯರ ಸಾಲೇ ಆದರೂ ತೊಂದರೆ ಅನುಭವಿಸುವವರು ಅವರೇ.

ಪರಿಹಾರ ಸರಳವಾಗಿದೆ. ಪೈಥಾನ್‌ನೊಂದಿಗೇ ಬರುವ ‘ಯೂನಿಕೋಡ್‌ಡೇಟಾ’ ಎಂಬ ಭಾಗದ ‘ನಾರ್ಮಲೈಸ್’ ಸೂಚನೆಯನ್ನು ‘ಎನ್‌ಎಫ್‌ಸಿ’ ಎಂಬ ಆಯ್ಕೆಯೊಂದಿಗೆ ಬಳಸಿದರೆ ಮೂರೂ ರೂಪಗಳು 8 ಚಿಹ್ನೆಗಳ ಒಂದೇ ರೂಪಕ್ಕೆ ಬರುತ್ತವೆ. ಈ ಮಾತು ‘ಈ’, ‘ಏ’, ‘ಐ’, ‘ಒ’ ಮತ್ತು ‘ಓ’ ಸ್ವರಚಿಹ್ನೆಗಳುಳ್ಳ ಎಲ್ಲ ಹೆಸರುಗಳಿಗೂ ಅನ್ವಯಿಸುತ್ತದೆ.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ‘ಅಶೋಕ್’ ಎಂಬ ಹೆಸರು ಎನ್‌ಎಫ್‌ಸಿ ಮಾಡಿದ ನಂತರವೂ ಹೊಂದಿಕೆಯಾಗುತ್ತಿಲ್ಲ. ಏಕೆ?
ಉತ್ತರ: ಕೆಲವು ಕೀಲಿಮಣೆ ವಿನ್ಯಾಸಗಳಲ್ಲಿ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ‘ಶೂನ್ಯ ಅಗಲದ’ ಚಿಹ್ನೆ ಸೇರಿಕೊಳ್ಳುತ್ತದೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಹೆಸರಿನ ಕೊನೆಯಲ್ಲಿರುವ ಅಂತಹ ಚಿಹ್ನೆಯನ್ನು ‘ರಿಪ್ಲೇಸ್’ ಸೂಚನೆಯಿಂದ ಪ್ರತ್ಯೇಕವಾಗಿ ತೆಗೆಯಬೇಕು.

ಪ್ರಶ್ನೆ: ಹಳೆಯ ನುಡಿ ಕಡತವು ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತದೆ. ಇದೇ ಕ್ರಮ ಸಾಕೇ?
ಉತ್ತರ: ಸಾಲದು. ಅದು ಯೂನಿಕೋಡ್ ಅಲ್ಲದ, ಅಕ್ಷರಶೈಲಿಯನ್ನು ಅವಲಂಬಿಸಿದ ಹಳೆಯ ಸಂಕೇತಕ್ರಮದಲ್ಲಿದೆ. ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದು, ನಂತರ ಪ್ರತಿ ಹೆಸರನ್ನೂ ಮೂಲ ಪ್ರತಿಯೊಂದಿಗೆ ಓದಿ ನೋಡತಕ್ಕದ್ದು.

ಪ್ರಶ್ನೆ: ಅಕಾರಾದಿಯಾಗಿ ಜೋಡಿಸಿದಾಗ ‘ಳ’ಕಾರದ ಹೆಸರುಗಳು ‘ಲ’ಕಾರದ ಪಕ್ಕದಲ್ಲಿ ಬರುತ್ತವೆ. ಇದು ತಪ್ಪೇ?
ಉತ್ತರ: ಪೈಥಾನ್ ಯೂನಿಕೋಡ್ ಸಂಖ್ಯೆಯ ಅನುಸಾರ ಜೋಡಿಸುತ್ತದೆ. ಅಲ್ಲಿ ‘ಳ’ವು ‘ಲ’ದ ನಂತರವೇ ಇದೆ, ಕನ್ನಡ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ ಬರುತ್ತದೆ. ಪಟ್ಟಿಯನ್ನು ವರ್ಣಮಾಲೆಯ ಕ್ರಮದಲ್ಲಿ ಸಲ್ಲಿಸಬೇಕಾದಲ್ಲಿ ಇದನ್ನು ಸರಿಪಡಿಸಿಕೊಳ್ಳುವುದು.

ಪ್ರಶ್ನೆ: ‘ಮೇಕ್’ ನಡೆಯುತ್ತಿರುವಾಗ ವಿದ್ಯುತ್ ನಿಲುಗಡೆಯಾದರೆ?
ಉತ್ತರ: ಅದೇ ಆದೇಶವನ್ನು ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ದೋಷ ಕಂಡುಬಂದಲ್ಲಿ ‘ಮೇಕ್ ಕ್ಲೀನ್’ ಕೊಟ್ಟು ಮೊದಲಿನಿಂದ ಆರಂಭಿಸುವುದು. ಹಳೆಯ ಯಂತ್ರದ ಒಳಬ್ಯಾಟರಿ ಮುಗಿದಿದ್ದರೆ ದಿನಾಂಕ ಹಿಂದಕ್ಕೆ ಹೋಗಿ, ಕಡತಗಳು ಮುಂದಿನ ಕಾಲದವು ಎಂಬ ಎಚ್ಚರಿಕೆ ಬರುತ್ತದೆ. ಮೊದಲು ದಿನಾಂಕ ಸರಿಪಡಿಸುವುದು.

ಪ್ರಶ್ನೆ: ಬೇಡವೆನಿಸಿದರೆ ತೆಗೆಯುವುದು ಹೇಗೆ?
ಉತ್ತರ: ‘ಪ್ರಿಫಿಕ್ಸ್’ನಲ್ಲಿ ಸೂಚಿಸಿದ ಪ್ರತ್ಯೇಕ ಫೋಲ್ಡರನ್ನು ಅಳಿಸಿದರೆ ಸಾಕು.

8. ಸಾರ್ವಜನಿಕರಿಗೆ ಎಚ್ಚರಿಕೆ

ಅಂತರಜಾಲದಲ್ಲಿ ಪಠ್ಯವನ್ನು ಉಚಿತವಾಗಿ ಪರಿವರ್ತಿಸಿಕೊಡುವ ತಾಣಗಳು ಅನೇಕವಿವೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಅಥವಾ ದೂರವಾಣಿ ಸಂಖ್ಯೆಗಳಿರುವ ಪಟ್ಟಿಯನ್ನು ಅಪರಿಚಿತ ತಾಣಕ್ಕೆ ಕೊಟ್ಟ ಮೇಲೆ ಅದು ಎಲ್ಲಿ ಉಳಿಯುತ್ತದೆ ಎಂಬುದನ್ನು ತಿಳಿಯುವ ಉಪಾಯವಿಲ್ಲ. ತಮ್ಮ ಯಂತ್ರದಲ್ಲಿಯೇ ಸಿದ್ಧಪಡಿಸಿಕೊಂಡ ಇಂಟರ್‌ಪ್ರಿಟರ್‌ನಲ್ಲಿ ಅಂತರಜಾಲ ಸಂಪರ್ಕವಿಲ್ಲದೆ ಮೇಲಿನ ಎಲ್ಲ ಪರಿಶೀಲನೆಗಳನ್ನು ನಡೆಸಬಹುದು. ಯಾವುದೇ ಬದಲಾವಣೆಗೆ ಮೊದಲು ಮೂಲ ಪಟ್ಟಿಯ ಒಂದು ಪ್ರತಿಯನ್ನು ಬೇರೆಡೆ ಇರಿಸತಕ್ಕದ್ದು. ಹೆಸರಿನ ಕಾಗುಣಿತದ ಬಗ್ಗೆ ಸಂದೇಹವಿದ್ದಲ್ಲಿ ಯಂತ್ರದ ಉತ್ತರವನ್ನು ಅಂತಿಮವೆಂದು ಭಾವಿಸದೆ, ಸಂಬಂಧಪಟ್ಟ ಸದಸ್ಯರನ್ನೇ ಕೇಳಿ ದೃಢಪಡಿಸಿಕೊಳ್ಳುವುದು.

9. ಶುಲ್ಕ

ಪೈಥಾನ್ ತಂತ್ರಾಂಶಕ್ಕೆ, ಅದರ ಮೂಲ ಸಂಕೇತಕ್ಕೆ ಮತ್ತು ಅದರ ಬಳಕೆಗೆ ಯಾವುದೇ ಶುಲ್ಕವಿರುವುದಿಲ್ಲ. ಒಮ್ಮೆ ಪಡೆದ ಕಟ್ಟನ್ನು ನೆರೆಯ ಸಂಘಗಳಿಗೆ ಹಾಗೂ ಶಾಲೆಗಳಿಗೆ ಪೆನ್‌ಡ್ರೈವ್ ಮೂಲಕ ಹಂಚಲು ಅದರ ಪರವಾನಗಿಯೇ ಅನುಮತಿ ನೀಡಿದೆ. ಕಟ್ಟನ್ನು ಪಡೆದವರೂ 1ನೇ ಹಂತದ ತಾಳೆಯನ್ನು ಬಿಡದೆ ನೋಡತಕ್ಕದ್ದು.