ನವ್ಯಸಾಹಿತ್ಯ ಮತ್ತು ಅಂಚೆಯ ಚೀಲ

ಶಿವಮೊಗ್ಗೆಯ ಮಗ್ಗುಲಿನ ಸೋಗಾನೆಯಲ್ಲಿ 2023ರಿಂದ ವಿಮಾನಗಳು ಇಳಿಯುತ್ತಿವೆ. ಇದೇ ಜಿಲ್ಲೆಯಲ್ಲಿ ನವ್ಯಸಾಹಿತ್ಯ ಬೇರೂರುತ್ತಿದ್ದ 1960ರ ದಶಕದಲ್ಲಾದರೋ, ಒಂದು ಕವಿತೆಯನ್ನು ಕುರಿತ ಅಭಿಪ್ರಾಯ ಊರಿಂದೂರಿಗೆ ಹೋಗಬೇಕಾದರೆ ಅಂಚೆಯವನ ಚೀಲವನ್ನೇ ನೆಚ್ಚಬೇಕಾಗಿತ್ತು. ನವ್ಯದ ಆರಂಭವನ್ನು ಅರಿಯಬಯಸುವವರು ಆ ಚೀಲದ ಕಡೆಗೂ ದೃಷ್ಟಿ ಹರಿಸಬೇಕು.

ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ 1954ರಲ್ಲಿ ಪ್ರಕಟವಾದಾಗ ಹೊಸ ಕಾವ್ಯದ ಓದುಗರು ವಿರಳ. ಮುಂದೆ ಬಳಗ ಬೆಳೆಯಿತು. ಆದರೆ ಒಂದೂರಿನಲ್ಲಿ ನೆಲೆಸಲಿಲ್ಲ. 1962ರಲ್ಲಿ ‘ಸಾಕ್ಷಿ’ ತ್ರೈಮಾಸಿಕವನ್ನು ಆರಂಭಿಸಿದ ಅಡಿಗರು 1964ರಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿ ಬಂದರು. ಹತ್ತಿರದ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರಿದ್ದರು. ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿಯವರು ದೂರದ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತ ‘ಸಂಸ್ಕಾರ’ವನ್ನು ಬರೆದರು; ಅದು 1965ರಲ್ಲಿ ಪ್ರಕಟವಾಯಿತು. ಎ. ಕೆ. ರಾಮಾನುಜನ್ ಷಿಕಾಗೋದಲ್ಲಿ ಅಧ್ಯಾಪಕರು. ಬಿ. ಸಿ. ರಾಮಚಂದ್ರ ಶರ್ಮರು ಬಹುಕಾಲ ಪರದೇಶವಾಸಿಗಳು.

ಹೀಗೆ ಚೆದುರಿದವರಿಗೆ ಪತ್ರವೇ ಗೋಷ್ಠಿ. ಪುಸ್ತಕದ ಮುನ್ನುಡಿಯಲ್ಲಿ ಲೇಖಕ ಒಪ್ಪವಾಗಿ ಉಟ್ಟು ತೊಟ್ಟು ನಿಂತಿರುತ್ತಾನೆ. ಗೆಳೆಯನಿಗೆ ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ ಮನೆಯ ಉಡುಪಿನಲ್ಲಿರುತ್ತಾನೆ. ತತ್ತ್ವವಾಗಿ ಗಟ್ಟಿಗೊಳ್ಳುವ ಮೊದಲು ವಿಚಾರವು ಅನುಮಾನವಾಗಿ, ಜಗಳವಾಗಿ, ಕೆಲವೊಮ್ಮೆ ಬರಿಯ ಚೇಷ್ಟೆಯಾಗಿ ಸುಳಿದಾಡುವುದು ಅಲ್ಲಿಯೇ.

ಇಂಥ ಕಾಗದದ ಬೆಲೆಯನ್ನು ತಿಳಿಯಲು ಇಂಗ್ಲಿಷಿನ ಒಂದು ನಿದರ್ಶನ ಸಾಕು. ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಹೊರಬಂದಿತು. ಅದರ ಹಸ್ತಪ್ರತಿಯನ್ನು ಕವಿಯು ನ್ಯೂಯಾರ್ಕಿನ ಜಾನ್ ಕ್ವಿನ್ ಎಂಬ ಪೋಷಕನಿಗೆ ಕೊಟ್ಟಿದ್ದ. ಬಹುಕಾಲ ಅದು ಕಳೆದುಹೋಯಿತೆಂದೇ ಲೋಕ ನಂಬಿತ್ತು. 1968ರಲ್ಲಿ ಅದು ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿರುವ ಸಂಗತಿ ಬಹಿರಂಗವಾಯಿತು, 1971ರಲ್ಲಿ ಅಚ್ಚಾಯಿತು. ಮಿತ್ರ ಎಜ್ರಾ ಪೌಂಡ್ ಎಷ್ಟು ಸಾಲುಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿದ್ದನೆಂಬುದನ್ನು ಓದುಗರು ಆಗ ಕಣ್ಣಾರೆ ಕಂಡರು. ಒಬ್ಬನ ಹೆಸರಿನ ಕೃತಿಯಲ್ಲಿ ಇನ್ನೊಬ್ಬನ ವಿವೇಕವೂ ಬೆರೆತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮವರ ಪತ್ರಗಳನ್ನು ಅರಸುವವರು ಒಂದು ಸರಳ ಸಂಗತಿಯನ್ನು ನೆನಪಿಡಬೇಕು. ಲೇಖಕನ ಮನೆಯಲ್ಲಿ ಸಿಗುವುದು ಅವನಿಗೆ ಬಂದ ಪತ್ರಗಳು. ಅವನು ಬರೆದವು ಇತರರ ಮನೆಗಳಲ್ಲಿರುತ್ತವೆ. ಆದುದರಿಂದ ಅಡಿಗರ ಪತ್ರಗಳಿಗಾಗಿ ಅವರ ಗೆಳೆಯರ, ಶಿಷ್ಯರ, ಒಮ್ಮೆ ಮಾತ್ರ ಕವಿತೆ ಕಳುಹಿಸಿದ ಹಳ್ಳಿಯ ಯುವಕನ ಪೆಟ್ಟಿಗೆಯನ್ನೂ ತೆರೆಯಬೇಕು. ಪ್ರಶ್ನೆ ಒಂದೆಡೆ, ಉತ್ತರ ಇನ್ನೊಂದೆಡೆ. ಎರಡೂ ಕೂಡಿದಾಗಲೇ ಸಂವಾದ.

ಆ ತಲೆಮಾರಿನವರು ಒಬ್ಬೊಬ್ಬರಾಗಿ ಅಗಲಿದ್ದಾರೆ. ಅಡಿಗರು 1992ರಲ್ಲಿ, ರಾಮಾನುಜನ್ 1993ರಲ್ಲಿ, ಸುಬ್ಬಣ್ಣನವರು 2005ರಲ್ಲಿ, ಅನಂತಮೂರ್ತಿಯವರು 2014ರಲ್ಲಿ ತೀರಿಕೊಂಡರು. ಮನೆ ಬದಲಿಸುವಾಗ, ಅಟ್ಟ ಗುಡಿಸುವಾಗ ಹಳೆಯ ಕಾಗದದ ಕಟ್ಟು ರದ್ದಿಯವನ ತಕ್ಕಡಿ ಸೇರುವುದು ಸುಲಭ. ಮಲೆನಾಡಿನ ಮಳೆ, ಗೆದ್ದಲುಗಳೂ ಕಾಯುತ್ತಿರುತ್ತವೆ.

ಇಂಥ ಪತ್ರಗಳುಳ್ಳವರು ಲಕೋಟೆಯನ್ನು ಎಸೆಯಬಾರದು. ಒಳಗೆ ತಾರೀಖಿಲ್ಲದಿದ್ದರೂ ಅಂಚೆಯ ಮುದ್ರೆ ಊರನ್ನೂ ದಿನವನ್ನೂ ಹೇಳುತ್ತದೆ. ಕಾಗದ ಪಡೆದವರದಾದರೂ ಅಚ್ಚು ಹಾಕುವ ಹಕ್ಕು ಬರೆದವರ ವಾರಸುದಾರರದು. ಅವರ ಒಪ್ಪಿಗೆ ಅಗತ್ಯ. ಖಾಸಗಿ ನೋವುಗಳಿದ್ದರೆ ಅಚ್ಚಿಗೆ ಅವಸರ ಬೇಡ. ಆದರೆ ಮೂಲವನ್ನು ಒಂದು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಒಪ್ಪಿಸಲು ಅವಸರ ಮಾಡಲೇಬೇಕು. ಪ್ರಕಟಣೆ ಕಾಯಬಲ್ಲುದು, ಗೆದ್ದಲು ಕಾಯಲಾರದು.